‘ಮಿಸ್, ಇದು ಸರಿಯಾಗಿ ಅಪೂರ್ಣವಾಗಿದೆಯಾ?’

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಿಕ್ಷಕಿ, ಹುಡುಗಿ ಮತ್ತು ಅವಳ ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಮೊದಲು ಬಂದವರು ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಕಲಿಸುವ ಶಿಕ್ಷಕಿ. ಅವರ ಚಿಂತೆ ಹದಿನೈದರ ಒಬ್ಬ ವಿದ್ಯಾರ್ಥಿನಿಯ ಬಗ್ಗೆ. ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಬಿಡಿಸುವವರು ಇಲ್ಲ. ಆದರೆ ಒಂದು ಚಿತ್ರವನ್ನೂ ನೆಮ್ಮದಿಯಿಂದ ಒಪ್ಪಿಸುವುದಿಲ್ಲ. ರಬ್ಬರಿನಿಂದ ಅಳಿಸಿ ಅಳಿಸಿ ಹಾಳೆ ತೆಳ್ಳಗಾಗಿ ಹರಿಯುತ್ತದೆ. ಹರಿದರೆ ಇನ್ನೊಂದು ಹಾಳೆ. ಬಣ್ಣ ಹಚ್ಚಲು ಕೂತರೆ ಮೂಲೆ ಮೂಲೆಯೂ ತುಂಬಬೇಕು. ಮುಖ ಜೀವಂತವಾಗಿ ಬಂದಿರುತ್ತದೆ, ಅದನ್ನೇ ಮತ್ತೆ ಮತ್ತೆ ತಿದ್ದಿ ಮಂಕಾಗಿಸುತ್ತಾಳೆ.

ಶಿಕ್ಷಕಿ ಸುಮ್ನೆ ಕೂತಿರಲಿಲ್ಲ. ಕಲೆಯಲ್ಲಿ ಅಪೂರ್ಣತೆಯ ಚೆಲುವಿನ ಬಗ್ಗೆ ಒಂದು ಪಾಠವನ್ನೇ ಮಾಡಿದರು. ಇಟಲಿಯ ಶಿಲ್ಪಿ ಮೈಕೆಲಾಂಜೆಲೊನ ಅರ್ಧ ಕೆತ್ತಿದ ಶಿಲ್ಪಗಳು, ಪ್ರಾಚೀನ ಗ್ರೀಸ್‌ನ ತೋಳಿಲ್ಲದ ವೀನಸ್ ಮೂರ್ತಿ, ಖಾಲಿ ಜಾಗ ಬಿಟ್ಟ ಚಿತ್ರಗಳು, ಎಲ್ಲವನ್ನೂ ತೋರಿಸಿದರು. ‘ಎಲ್ಲವನ್ನೂ ಮುಗಿಸಲೇಬೇಕು ಅಂತಿಲ್ಲ ಮಕ್ಕಳೇ’ ಅಂದರು. ಮನೆಗೆಲಸವಾಗಿ ಒಂದು ಅಪೂರ್ಣ ಚಿತ್ರ ಬಿಡಿಸಿ ತರಲು ಹೇಳಿದರು.

ಅರ್ಧ ತರಗತಿ ಎರಡು ಗೆರೆ ಎಳೆದು ತಂದಿತು. ಈ ಹುಡುಗಿ ಮಾತ್ರ ರಾತ್ರಿಗಳನ್ನೇ ಅದಕ್ಕೆ ಕೊಟ್ಟಿದ್ದಳು. ಒಂದರ ಹಿಂದೆ ಒಂದು ಹಾಳೆ ಬಿಸಾಡಿ, ಕೊನೆಗೊಂದನ್ನು ತಂದು ಮೇಜಿನ ಮೇಲಿಟ್ಟು ಕೇಳಿದಳು: ‘ಮಿಸ್, ಇದು ಸರಿಯಾಗಿ ಅಪೂರ್ಣವಾಗಿದೆಯಾ? ಇನ್ನೂ ಸ್ವಲ್ಪ ಬಿಡಬೇಕಿತ್ತಾ?’ ಆಮೇಲೆ ಅತ್ತುಬಿಟ್ಟಳು.

‘ಔಷಧಿಯೇ ಕಾಯಿಲೆ ಆಯ್ತಲ್ಲ ಮೇಡಂ’ ಎಂದರು ಶಿಕ್ಷಕಿ.

ಹುಡುಗಿಯ ಆ ಪ್ರಶ್ನೆಯನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಂಡೆ. ಯಾಕೆಂದರೆ ಇಡೀ ಪ್ರಕರಣ ಅದರಲ್ಲೇ ಇತ್ತು. ಅವಳಿಗೆ ಪಾಠ ಅರ್ಥವಾಗಿರಲಿಲ್ಲ ಎಂದಲ್ಲ. ಮುಗಿಸುವುದರಲ್ಲಿ ತಪ್ಪಾಗಬಾರದು ಎಂಬ ಹಳೆಯ ಭಯಕ್ಕೆ, ಬಿಡುವುದರಲ್ಲೂ ತಪ್ಪಾಗಬಾರದು ಎಂಬ ಹೊಸ ಭಯ ಸೇರಿತ್ತು, ಅಷ್ಟೇ. ‘ತಪ್ಪಾಗಬಾರದು’ ಎಂದು ಬದುಕುವ ಮಗುವಿನ ಮುಂದೆ ಯಾವ ಆದರ್ಶವನ್ನಿಟ್ಟರೂ ಅದು ಇನ್ನೊಂದು ಪರೀಕ್ಷೆಯಾಗುತ್ತದೆ.

ಪರಿಪೂರ್ಣತೆಯ ಹಟದ ಬಗ್ಗೆ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಮಾಡಿದ ವಿಂಗಡಣೆಯನ್ನು ಇಂದಿಗೂ ಬಳಸುತ್ತೇವೆ. ಒಂದು, ನನ್ನಿಂದ ನಾನೇ ಪರಿಪೂರ್ಣತೆ ಬಯಸುವುದು. ಎರಡು, ಬೇರೆಯವರಿಂದ ಬಯಸುವುದು. ಮೂರು, ಬೇರೆಯವರು ನನ್ನಿಂದ ಅದನ್ನೇ ಬಯಸುತ್ತಾರೆ, ಇಲ್ಲದಿದ್ದರೆ ನನ್ನನ್ನು ಒಪ್ಪುವುದಿಲ್ಲ ಎಂದು ನಂಬುವುದು. ಮೂರನೆಯದು ಮನಸ್ಸನ್ನು ಜಾಸ್ತಿ ಹಿಂಡುತ್ತದೆ. ಹುಡುಗಿಯೊಂದಿಗೆ ಮಾತಾಡಿದಾಗ ಕಂಡದ್ದು ಅದೇ. ‘ಚಿತ್ರ ನೋಡಿದ ತಕ್ಷಣ ಎಲ್ಲರೂ ಮೊದಲು ತಪ್ಪನ್ನೇ ಹುಡುಕ್ತಾರೆ, ಆಂಟಿ’ ಎಂದಳು. ಯಾರು ಎಂದು ಕೇಳಿದೆ. ಯೋಚಿಸಿದಳು. ಒಬ್ಬರ ಹೆಸರೂ ಬರಲಿಲ್ಲ.

ನಿದ್ದೆ, ಊಟ, ಗೆಳತಿಯರು, ಬೇರೆ ವಿಷಯಗಳ ಓದು, ಇವನ್ನೆಲ್ಲ ವಿಚಾರಿಸಿದೆ. ನೋಟ್ಸನ್ನು ಅಂದವಾಗಿ ತಿರುಗಿ ಬರೆಯುವ ಅಭ್ಯಾಸ ಸ್ವಲ್ಪ ಇತ್ತು. ಉಳಿದಂತೆ ತೊಂದರೆ ಚಿತ್ರದ ಸುತ್ತಲೇ ಇತ್ತು. ತಂದೆಗೆ ಇದ್ದದ್ದು ಅಂಕದ ಚಿಂತೆ: ‘ಪೂರ್ತಿ ಬಣ್ಣ ಹಾಕದಿದ್ರೆ ಯಾರು ಮಾರ್ಕ್ಸ್ ಕೊಡ್ತಾರೆ ಮೇಡಂ?’ ನ್ಯಾಯವಾದ ಪ್ರಶ್ನೆಯೇ. ಅದನ್ನು ಶಿಕ್ಷಕಿಯ ಮುಂದೆಯೇ ಇಟ್ಟೆ.

ನನ್ನ ಸಲಹೆಯ ದೊಡ್ಡ ಭಾಗ ಶಿಕ್ಷಕಿಗೇ. ಹುಡುಗಿಯನ್ನು ಸರಿಮಾಡಿ ಅದೇ ತರಗತಿಗೆ ಕಳಿಸಿದರೆ ಹೆಚ್ಚೇನೂ ಬದಲಾಗುವುದಿಲ್ಲ. ಪಾಠದ ಉದ್ದೇಶ ಬಹಳ ಒಳ್ಳೆಯದು, ಅದನ್ನು ಬಿಡಬೇಡಿ ಎಂದೇ ಶುರು ಮಾಡಿದೆ. ಎಡವಿದ್ದು ಎಲ್ಲ ಅಪೂರ್ಣತೆಯನ್ನೂ ಒಂದೇ ಬುಟ್ಟಿಗೆ ಹಾಕಿದ್ದರಲ್ಲಿ.

ತೋಳಿಲ್ಲದ ವೀನಸ್ ಅಪೂರ್ಣ ಕೃತಿಯೇ ಅಲ್ಲ. ಅದನ್ನು ಮಾಡಿದ ಶಿಲ್ಪಿ ಮುಗಿಸಿಯೇ ಇದ್ದ. 1820ರಲ್ಲಿ ಮೀಲೋಸ್ ದ್ವೀಪದಲ್ಲಿ ಸಿಕ್ಕ ಆ ಮೂರ್ತಿಯ ತೋಳುಗಳನ್ನು ಕಾಲ ಕಿತ್ತುಕೊಂಡಿದೆ. ನಾವು ಅಲ್ಲಿ ನೋಡುವುದು ನಷ್ಟವನ್ನು, ಮತ್ತು ನಷ್ಟದ ನಂತರವೂ ಉಳಿದದ್ದನ್ನು. ಮೈಕೆಲಾಂಜೆಲೊನ ‘ಸೆರೆಯಾಳುಗಳು’ ಬೇರೆ ಕಥೆ. ಪೋಪ್ ಎರಡನೇ ಜೂಲಿಯಸ್‌ನ ಸಮಾಧಿಗೆಂದು ಶುರುವಾದ ಶಿಲ್ಪಗಳವು. ಯೋಜನೆ ಮತ್ತೆ ಮತ್ತೆ ಕಿರಿದಾಯಿತು, ಅವು ಅಲ್ಲೇ ನಿಂತವು. ಇಂದು ಫ್ಲಾರೆನ್ಸ್‌ನ ಅಕಾಡೆಮಿಯಾ ಕಲಾ ಸಂಗ್ರಹಾಲಯದಲ್ಲಿ ಅಂಥ ನಾಲ್ಕು ಶಿಲ್ಪಗಳಿವೆ. ಮೈ ಅರ್ಧ ಕಲ್ಲಿನೊಳಗೆ, ಅರ್ಧ ಹೊರಗೆ. ಉಳಿಯ ಗೀರುಗಳು ಹಾಗೆಯೇ ಕಾಣುತ್ತವೆ. ಮೈಕೆಲಾಂಜೆಲೊ ಬೇಕೆಂದೇ ಹೀಗೆ ಬಿಟ್ಟ ಎಂದು ಮಕ್ಕಳಿಗೆ ಹೇಳಿಬಿಡುವುದು ಸುಲಭ. ಹಾಗೆ ಹೇಳಬೇಡಿ ಎಂದೆ. ‘ಇಲ್ಲಿ ಕೆಲಸ ಯಾವ ಕಡೆಯಿಂದ ಸಾಗುತ್ತಿತ್ತು, ಹುಡುಕಿ’ ಎಂದು ಕೇಳಿ. ಮಕ್ಕಳ ಕಣ್ಣು ಆಗ ಕಲ್ಲಿನ ಮೇಲೆ ಓಡಾಡುತ್ತದೆ.

ಆಸ್ಟ್ರಿಯಾದ ಸಂಗೀತಕಾರ ಷೂಬರ್ಟ್‌ನ ‘ಅಪೂರ್ಣ’ ಸಿಂಫನಿಯ (ವಾದ್ಯವೃಂದಕ್ಕೆ ಬರೆದ ದೊಡ್ಡ ಸಂಗೀತ ಕೃತಿ) ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಸಾವು ಬಂದು ಅದು ಅರ್ಧಕ್ಕೆ ನಿಂತಿತು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಅವನು ಅದನ್ನು ಬರೆಯಲು ಹಿಡಿದದ್ದು 1822ರಲ್ಲಿ, ತೀರಿಕೊಂಡದ್ದು 1828ರಲ್ಲಿ. ನಡುವೆ ವರ್ಷಗಳೇ ಇದ್ದವು, ಬೇರೆ ದೊಡ್ಡ ಕೃತಿಗಳನ್ನು ಮುಗಿಸಿದ. ಇದರಲ್ಲಿ ಎರಡು ಭಾಗ ಪೂರ್ತಿಯಾಗಿವೆ, ಮೂರನೆಯದರ ಕರಡು ಮಾತ್ರ ಇದೆ. ಜನ ಮೊದಲ ಸಲ ಕೇಳಿದ್ದು 1865ರಲ್ಲಿ. ಇದು ಬದಿಗಿಟ್ಟ ಕೃತಿ.

ಇನ್ನು ಬೇಕೆಂದೇ ನಿಲ್ಲಿಸಿದ್ದು. ಅಮೆರಿಕದ ಚಿತ್ರಕಾರ್ತಿ ಆಲಿಸ್ ನೀಲ್ 1965ರಲ್ಲಿ ಒಬ್ಬ ಯುವಕನ ಚಿತ್ರ ಶುರು ಮಾಡಿದರು. ಅವನಿಗೆ ವಿಯೆಟ್ನಾಂ ಯುದ್ಧಕ್ಕೆ ಸೇನೆಯಿಂದ ಕರೆ ಬಂದಿತ್ತು. ಒಂದು ಸಲ ಬಂದು ಕೂತವನು ಮತ್ತೆ ಬರಲಿಲ್ಲ. ಮುಖ ಮತ್ತು ಒಂದು ಕೈ ಮೂಡಿತ್ತು, ಉಳಿದ ಮೈಗೆ ಬರೀ ಔಟ್‌ಲೈನ್. ನೀಲ್ ಅದರ ಹಿಂದೆ ಸಹಿ ಮಾಡಿ, ಇದು ಮುಗಿದಿದೆ ಎಂದರು. ಈ ಉದಾಹರಣೆಗೆ ಒಂದು ಪೂರ್ತಿ ಪೀರಿಯಡ್ ಕೊಡಿ ಎಂದೆ. ಇಲ್ಲಿ ಖಾಲಿ ಜಾಗಕ್ಕೆ ಕಾರಣವಿದೆ. ಹೊರಟುಹೋದ ಆ ಹುಡುಗನ ಬಗ್ಗೆ ಅದು ಏನೋ ಹೇಳುತ್ತದೆ. ಅದನ್ನು ತುಂಬಿದರೆ ಚಿತ್ರ ಕಳೆದುಕೊಳ್ಳುತ್ತದೆ. ನಿಲ್ಲಿಸುವುದೂ ಬಿಡಿಸುವಷ್ಟೇ ಯೋಚಿಸಿ ಮಾಡುವ ಕೆಲಸ ಎಂದು ಮಕ್ಕಳಿಗೆ ಭಾಷಣ ಮಾಡುವುದೇ ಬೇಡ. ಅವರಿಗೇ ಹೊಳೆಯುತ್ತದೆ.

ನಮ್ಮ ಕಡೆಯ ಶಿಲ್ಪಗಳನ್ನೂ ಸೇರಿಸಿಕೊಳ್ಳಲು ಹೇಳಿದೆ. ಅಜಂತಾದ 24ನೇ ಗುಹೆಯ ಕೆಲಸ ಅರ್ಧಕ್ಕೆ ನಿಂತಿದೆ. ಅದಕ್ಕೇ ಅಲ್ಲಿ ಬಂಡೆಯೊಳಗೆ ಉದ್ದುದ್ದ ಓಣಿ ಕೊರೆದು, ನಡುವೆ ಉಳಿದ ಗೋಡೆಯನ್ನು ಆಮೇಲೆ ಒಡೆದು ತೆಗೆಯುತ್ತಿದ್ದ ಕ್ರಮ ಕಣ್ಣಿಗೆ ಕಾಣುತ್ತದೆ. ಮಹಾಬಲಿಪುರದಲ್ಲಿ ಏಳನೇ ಶತಮಾನದ ಏಕಶಿಲಾ ರಥಗಳ ಮೇಲ್ಭಾಗ ನಯವಾಗಿದೆ, ಕೆಳಗೆ ಒರಟು ಕಲ್ಲು ಉಳಿದಿದೆ. ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬಂದರು ಎಂದು ಮಕ್ಕಳೇ ಕಂಡುಹಿಡಿಯಬಹುದು. ಎಲ್ಲವೂ ಮುಗಿದಿದ್ದರೆ ಈ ಕೈಗಳ ಜಾಡು ನಮಗೆ ಸಿಗುತ್ತಿರಲಿಲ್ಲ, ಅಲ್ವಾ?

ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿಯೂ ಇದನ್ನು ಗಮನಿಸಿದ್ದ. ಚಿತ್ರಕಾರರು ಮುಗಿಸದೆ ಹೋದ ಕೆಲವು ಚಿತ್ರಗಳನ್ನು ಜನ ಮುಗಿದ ಚಿತ್ರಗಳಿಗಿಂತ ಹೆಚ್ಚು ಮೆಚ್ಚುತ್ತಾರೆ, ಯಾಕೆಂದರೆ ಅವುಗಳಲ್ಲಿ ಎಳೆದ ಗೆರೆಗಳೂ ಚಿತ್ರಕಾರನ ಯೋಚನೆಯೂ ಕಾಣುತ್ತವೆ ಎಂಬರ್ಥದಲ್ಲಿ ಬರೆದಿದ್ದಾನೆ. ನನಗೆ ಈ ಮಾತು ಬಹಳ ಇಷ್ಟ. ಅಪೂರ್ಣ ಚಿತ್ರದ ಮುಂದೆ ನಿಂತಾಗ ಚಿತ್ರಕಾರ ಎಲ್ಲಿ ತಡವರಿಸಿದ, ಎಲ್ಲಿ ಮನಸ್ಸು ಬದಲಿಸಿದ ಎಂಬುದು ನಮಗೆ ಕಾಣಿಸುತ್ತದೆ. ತಪ್ಪಿಗೆ ಹೆದರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು. ಲಿಯೊನಾರ್ಡೊ ಡಾ ವಿಂಚಿ 1481ರಲ್ಲಿ ಒಪ್ಪಿಕೊಂಡು, ಆಮೇಲೆ ಮಿಲಾನ್‌ಗೆ ಹೊರಟುಹೋಗಿ ಅರ್ಧಕ್ಕೆ ಬಿಟ್ಟ ‘ಮೂವರು ಜ್ಞಾನಿಗಳ ಆರಾಧನೆ’ ಚಿತ್ರದಲ್ಲಿ ಕಂದು ಬಣ್ಣದ ಕರಡು ಹಾಗೆಯೇ ಉಳಿದಿದೆ. ಅದನ್ನು ಈ ಹುಡುಗಿಗೆ ತೋರಿಸಿದಾಗ ಬಹಳ ಹೊತ್ತು ನೋಡಿದಳು. ‘ಇವರೂ ಗೆರೆ ಮೇಲೆ ಗೆರೆ ಎಳೀತಿದ್ರಾ?’ ಎಂದಳು.

ಇನ್ನು ತರಗತಿಯ ಕೆಲಸ. ‘ಅಪೂರ್ಣ ಚಿತ್ರ ಬಿಡಿಸಿ’ ಎಂಬ ಮನೆಗೆಲಸ ಬೇಡವೇ ಬೇಡ ಎಂದೆ. ಅದು ಸೋಮಾರಿಗೆ ಬಾಗಿಲು ತೆರೆಯುತ್ತದೆ, ಭಯಸ್ಥರಿಗೆ ಇನ್ನೊಂದು ಗುರಿ ಕೊಡುತ್ತದೆ. ಬದಲಿಗೆ ಎಲ್ಲರೂ ಒಂದು ಚಿತ್ರವನ್ನು ಎಂದಿನಂತೆ ಪೂರ್ತಿ ಮಾಡಲಿ. ಆದರೆ ನಡುನಡುವೆ ಅದರ ಫೋಟೊ ತೆಗೆಯಿರಿ. ಕಡೆಗೆ ಒಂದೇ ಚಿತ್ರದ ಹಂತಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ. ಯಾವ ಹಂತದಲ್ಲಿ ಚಿತ್ರ ಹೆಚ್ಚು ಜೀವಂತವಾಗಿದೆ, ಯಾಕೆ, ಎಂದು ಮಕ್ಕಳೇ ಆರಿಸಲಿ. ಒಬ್ಬರು ಮೂರನೆಯದು ಅನ್ನಬಹುದು, ಇನ್ನೊಬ್ಬರು ಕೊನೆಯದು. ಇಬ್ಬರೂ ಕಾರಣ ಕೊಡಲಿ. ಶಿಕ್ಷಕಿ ತೀರ್ಪು ಕೊಡಬಾರದು. ಕೆಲವು ಚಿತ್ರಗಳು ಕೊನೆಯ ಹಂತದಲ್ಲೇ ಚೆನ್ನಾಗಿರುತ್ತವೆ. ಅದನ್ನೂ ಅಷ್ಟೇ ಖುಷಿಯಿಂದ ಹೇಳಬೇಕು, ಇಲ್ಲದಿದ್ದರೆ ‘ಮಿಸ್‌ಗೆ ಅರ್ಧ ಚಿತ್ರವೇ ಇಷ್ಟ’ ಎಂದು ಮಕ್ಕಳು ಹಿಡಿದುಬಿಡುತ್ತಾರೆ.

‘ಮುಗೀತಾ?’ ಎಂದು ಕೇಳುವುದನ್ನು ಕಡಿಮೆ ಮಾಡಿ, ‘ಎಲ್ಲಿ ನಿಲ್ಲಿಸಿದೆ? ಯಾಕೆ ಅಲ್ಲಿ?’ ಎಂದು ಕೇಳಿ. ಎರಡು ಗೆರೆ ಎಳೆದು ತಂದ ಹುಡುಗನಿಗೂ ಇದೇ ಪ್ರಶ್ನೆ. ಗದರಬೇಡಿ. ಅವನ ಬಳಿ ಉತ್ತರವಿಲ್ಲದಿದ್ದರೆ ಅವನೇ ಹಾಳೆ ತೆಗೆದುಕೊಂಡು ಹೋಗಿ ಕೂರುತ್ತಾನೆ. ತಂದೆಯ ಅಂಕದ ಪ್ರಶ್ನೆಗೆ ಶಿಕ್ಷಕಿಯೇ ದಾರಿ ಕಂಡುಕೊಂಡರು. ಪರೀಕ್ಷೆ ಬಯಸುವುದು ಪೂರ್ತಿ ಚಿತ್ರವನ್ನು, ಆ ಕೌಶಲ ಕಲಿಯಲೇಬೇಕು. ಆದರೆ ತರಗತಿಯ ಅಂಕದಲ್ಲಿ ಒಂದು ಪಾಲನ್ನು ಕರಡು ಹಾಳೆಗಳಿಗೆ ಇಟ್ಟರು. ಹರಿದು ಬಿಸಾಡುವ ಬದಲು ಇಟ್ಟುಕೊಳ್ಳಲು ಹುಡುಗಿಗೆ ಒಂದು ಕಾರಣ ಸಿಕ್ಕಿತು.

ಹುಡುಗಿಯೊಂದಿಗೆ ಮಾಡಿದ ಕೆಲಸ ಬೇರೆ ಬಗೆಯದು. ಕೈ ಮತ್ತೆ ರಬ್ಬರಿನ ಕಡೆಗೆ ಹೋದಾಗ ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ. ‘ಇದನ್ನು ತಿದ್ದಿದರೆ ಚಿತ್ರಕ್ಕೆ ಏನು ಸೇರುತ್ತದೆ?’ ‘ತಿದ್ದದಿದ್ದರೆ ನನಗೆ ಏನಾಗುತ್ತದೆ?’ ಮೊದಲನೆಯದಕ್ಕೆ ಉತ್ತರ ಇದ್ದರೆ ಧಾರಾಳವಾಗಿ ತಿದ್ದಲಿ. ಎರಡನೆಯದಕ್ಕೆ ಮಾತ್ರ ಉತ್ತರ ಇದ್ದರೆ, ಅಂದರೆ ಎದೆ ಹೊಡೆದುಕೊಳ್ಳುತ್ತದೆ, ಯಾರೋ ನಗುತ್ತಾರೆ ಅನಿಸುತ್ತದೆ ಎಂಬುದಷ್ಟೇ ಇದ್ದರೆ, ಪೆನ್ಸಿಲ್ ಕೆಳಗಿಡಲಿ. ಆ ಕಳವಳಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆದು, ಮಾರನೆಯ ದಿನ ಅದೇ ಚಿತ್ರ ನೋಡಿ ಮತ್ತೆ ಅಂಕಿ ಬರೆಯಲಿ.

ಇದು ನಮ್ಮ ವೃತ್ತಿಯಲ್ಲಿ ಹಳೆಯ, ಗಟ್ಟಿಯಾದ ವಿಧಾನ. ತಿದ್ದಿದ ತಕ್ಷಣ ಕಳವಳ ಇಳಿಯುತ್ತದೆ. ತಿದ್ದಿದ್ದರಿಂದಲೇ ಬದುಕಿಕೊಂಡೆ ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಜಾಸ್ತಿ ತಿದ್ದಿಸುತ್ತದೆ. ತಿದ್ದದೆ ಕೂತರೂ ಕಳವಳ ತಾನಾಗಿ ಇಳಿಯುತ್ತದೆ ಎಂಬುದನ್ನು ಅವಳು ಅನುಭವಿಸಿ ತಿಳಿಯಬೇಕು. ನಾವು ಹೇಳಿದರೆ ಸಾಲದು. ಶುರುವಿಗೆ ಯಾರಿಗೂ ತೋರಿಸದ ಚಿಕ್ಕ ಚಿತ್ರಗಳು. ಆಮೇಲೆ ಅಮ್ಮನಿಗೆ ತೋರಿಸುವುದು. ಆಮೇಲೆ ತರಗತಿಯ ಗೋಡೆ.

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಭಯದಿಂದ ಚಿತ್ರ ಶುರುವೇ ಮಾಡದ, ಅರ್ಧಕ್ಕೆ ಬಿಟ್ಟು ಓಡುವ ಮಕ್ಕಳೂ ಇದ್ದಾರೆ. ಅವರಿಗೆ ‘ಅಪೂರ್ಣವೂ ಚೆಂದ’ ಎಂದರೆ ಭಯಕ್ಕೆ ಹೊದಿಕೆ ಕೊಟ್ಟಂತೆ. ಅವರಿಗೆ ಬೇಕಾದದ್ದು ಒಂದು ಸಣ್ಣ ಚಿತ್ರವನ್ನಾದರೂ ಕೊನೆಯವರೆಗೆ ಒಯ್ಯುವ ಧೈರ್ಯ. ಒಂದೇ ತರಗತಿಯಲ್ಲಿ ಎರಡೂ ಬಗೆಯ ಮಕ್ಕಳು ಅಕ್ಕಪಕ್ಕ ಕೂತಿರುತ್ತಾರೆ. ಅದಕ್ಕೇ ಎಲ್ಲರಿಗೂ ಒಂದೇ ಮಾತು ಹೇಳಬೇಡಿ ಎಂದು ಶಿಕ್ಷಕಿಯನ್ನು ಒತ್ತಾಯಿಸಿದೆ.

ಮನೆಯವರಿಗೆ ಹೇಳಿದ್ದು ಕಡಿಮೆ. ‘ಸೂಪರ್, ಏನೂ ತಪ್ಪಿಲ್ಲ’ ಎಂದು ಹೊಗಳಬೇಡಿ, ಅದು ತಪ್ಪಿನ ಲೆಕ್ಕವನ್ನೇ ಮತ್ತೆ ನೆನಪಿಸುತ್ತದೆ. ಚಿತ್ರದಲ್ಲಿ ನಿಮಗೆ ಕಂಡದ್ದನ್ನು ಹೇಳಿ. ‘ಈ ಅಜ್ಜಿ ಯಾರನ್ನೋ ಕಾಯ್ತಿದಾರೆ ಅನಿಸುತ್ತೆ’ ಎಂದರೆ ಸಾಕು.

ಈಗ ಅವಳ ಎರಡು ಚಿತ್ರಗಳು ತರಗತಿಯ ಗೋಡೆಯಲ್ಲಿವೆ. ಒಂದರಲ್ಲಿ ಕುರ್ಚಿಯ ಕಾಲುಗಳಿಲ್ಲ. ಯಾಕೆ ಎಂದು ಗೆಳತಿಯರು ಕೇಳಿದರೆ, ಕೂತವಳ ಭುಜದಲ್ಲೇ ಭಾರ ಕಾಣಿಸ್ತಿತ್ತು, ಕಾಲು ಬೇಕಾಗಲಿಲ್ಲ ಎಂದು ಹೇಳುತ್ತಾಳಂತೆ. ಮನೆಯಲ್ಲಿ ಹಾಳೆ ಹರಿಯುವುದು ಪೂರ್ತಿ ನಿಂತಿಲ್ಲ, ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿಯಾಗುತ್ತದೆ. ಆ ದಿನಗಳಲ್ಲಿ ಅಂಕಿ ಬರೆಯುವ ಅಭ್ಯಾಸ ಬಿಡದಂತೆ ನೋಡಿಕೊಳ್ಳಲು ಅಮ್ಮನಿಗೆ ಹೇಳಿದ್ದೇನೆ. ನಿದ್ದೆ ಕೆಟ್ಟರೆ, ತಿದ್ದುವ ಹಟ ಬೇರೆ ಕೆಲಸಗಳಿಗೂ ಹಬ್ಬಿದರೆ, ತನ್ನ ಮೇಲೆ ತನಗೇ ಸಿಟ್ಟು ಬಂದು ಮೈಗೆ ನೋವು ಮಾಡಿಕೊಳ್ಳುವ ಮಾತು ಬಂದರೆ ಕಾಯದೆ ಮನೋವೈದ್ಯರನ್ನು ನೋಡಬೇಕು ಎಂದೂ ಮನೆಯವರಿಗೆ ಮತ್ತು ಶಿಕ್ಷಕಿಗೆ ಬರೆದುಕೊಟ್ಟಿದ್ದೇನೆ.