ದುಡಿಮೆ ಹಗುರಾದರೆ ಲಾಭ ಯಾರ ಪಾಲಿಗೆ?

ಪ್ರಶ್ನೆ: ಕೃತಕ ಬುದ್ಧಿಮತ್ತೆಯು ಸಾಮಾನ್ಯರ ಕೈಗೆ ಬಲ ಕೊಡುತ್ತದೆ ಎಂದು ಕೆಲವರು, ಉಳ್ಳವರ ಮತ್ತು ಇಲ್ಲದವರ ನಡುವಿನ ಕಂದಕವನ್ನು ಇನ್ನಷ್ಟು ಆಳವಾಗಿಸುತ್ತದೆ ಎಂದು ಮತ್ತೆ ಕೆಲವರು ಹೇಳುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರ ಮಾತನ್ನೂ ನಂಬಬಹುದು, ಏಕೆಂದರೆ ಅವರು ಒಂದೇ ಅಸಮಾನತೆಯ ಬಗ್ಗೆ ಮಾತನಾಡುತ್ತಿಲ್ಲ. ಒಂದೇ ಕೆಲಸ ಮಾಡುವ ಇಬ್ಬರ ನಡುವಿನ ಅಂತರ ಬೇರೆ, ದುಡಿಯುವವರಿಗೂ ಯಂತ್ರದ ಒಡೆಯರಿಗೂ ನಡುವಿನ ಅಂತರ ಬೇರೆ.

ಮೊದಲನೆಯದು ಕಿರಿದಾಗುವ ಸೂಚನೆಗಳಿವೆ. ಗ್ರಾಹಕ ಸೇವೆಯಲ್ಲಿರುವ ಐದು ಸಾವಿರಕ್ಕೂ ಹೆಚ್ಚು ನೌಕರರನ್ನು ಗಮನಿಸಿ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಉತ್ಪಾದಕತೆ ಸರಾಸರಿ ಶೇ 14ರಷ್ಟು ಏರಿತು. ಹೊಸಬರಲ್ಲಿ ಈ ಏರಿಕೆ ಶೇ 34ರಷ್ಟಿತ್ತು, ನುರಿತವರಲ್ಲಿ ಮಾತ್ರ ತೀರಾ ಅಲ್ಪ. ನುರಿತವರ ಸಂಭಾಷಣೆಗಳಿಂದ ಯಂತ್ರ ಕಲಿತದ್ದನ್ನೇ ಅದು ಹೊಸಬರಿಗೆ ಹೇಳಿಕೊಟ್ಟಿತ್ತು. (ಕಲಿಸಿದವರಿಗೆ ಗುರುದಕ್ಷಿಣೆ ಸಲ್ಲಬೇಕಲ್ಲವೇ ಎಂಬುದು ಪಕ್ಕಕ್ಕಿಡುವ ಪ್ರಶ್ನೆಯಲ್ಲ.)

ಎರಡನೆಯ ಅಂತರದ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ ಅವರ ಲೆಕ್ಕದಂತೆ, ಕೈಗಾರಿಕಾ ಕ್ರಾಂತಿಯ ಕಾಲದ ಬ್ರಿಟನ್‌ನಲ್ಲಿ 1780ರಿಂದ 1840ರವರೆಗೆ ಪ್ರತಿ ಕಾರ್ಮಿಕನ ಉತ್ಪಾದನೆ ಶೇ 46ರಷ್ಟು ಹೆಚ್ಚಿದರೂ ನೈಜ ಕೂಲಿ (ಬೆಲೆ ಏರಿಕೆಯನ್ನು ಕಳೆದ ಕೂಲಿ) ಹೆಚ್ಚಿದ್ದು ಶೇ 12ರಷ್ಟು ಮಾತ್ರ. ಉಳಿದದ್ದು ಬಂಡವಾಳದ ಕಡೆಗೆ ಹರಿಯಿತು, ಕೈಮಗ್ಗದ ನೇಕಾರರಂತೂ ಬೀದಿಗೆ ಬಿದ್ದರು. ಮುಂದೆ ಕೂಲಿ ಏರಿತು ನಿಜ, ಆದರೆ ಅಷ್ಟರಲ್ಲಿ ಎರಡು ತಲೆಮಾರುಗಳು ಕಳೆದುಹೋಗಿದ್ದವು. ಈ ಚೇತರಿಕೆಗೆ ಬಂಡವಾಳದ ಬೆಳವಣಿಗೆಯೇ ಕಾರಣ ಎನ್ನುವ ವಿದ್ವಾಂಸರಿದ್ದಾರೆ. ಆದರೆ 1871ರಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ದೊರೆತಂಥ ಬದಲಾವಣೆಗಳಿಲ್ಲದೆ ಆ ಏರಿಕೆ ಉಳಿಯುತ್ತಿತ್ತೆಂದು ನನಗನ್ನಿಸದು.

ಈಗಿನ ಯಂತ್ರಕ್ಕೆ ಭಾರೀ ದತ್ತಾಂಶ ಕೇಂದ್ರಗಳೂ ದುಬಾರಿ ಚಿಪ್‌ಗಳೂ ಬೇಕಾಗಿರುವುದರಿಂದ ಅದರ ಒಡೆತನ ಬೆರಳೆಣಿಕೆಯ ಸಂಸ್ಥೆಗಳಲ್ಲಿ ಸೇರಿಕೊಂಡಿದೆ. ಜಗತ್ತಿನ ಸುಮಾರು ಶೇ 40ರಷ್ಟು, ಶ್ರೀಮಂತ ದೇಶಗಳ ಸುಮಾರು ಶೇ 60ರಷ್ಟು ಉದ್ಯೋಗಗಳಿಗೆ ಇದರ ಪ್ರಭಾವ ತಟ್ಟಬಹುದೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿ 2024ರಲ್ಲಿ ಅಂದಾಜಿಸಿತು. ಪ್ರಭಾವವೆಂದರೆ ಉದ್ಯೋಗನಷ್ಟವೆಂದೇ ಅರ್ಥವಲ್ಲ. ಆ ಪೈಕಿ ಹಲವು ಕೆಲಸಗಳು ಸುಲಭವಾಗಬಹುದು. ಹಾಗೆ ಉಳಿದ ಸಮಯ ನೌಕರನಿಗೆ ಬಿಡುವಾಗಿಯೋ ಸಂಬಳವಾಗಿಯೋ ಸಿಗುತ್ತದೆಯೇ, ಇಲ್ಲವೇ ಸಿಬ್ಬಂದಿ ಕಡಿತವಾಗಿ ಮಾಲೀಕರ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನು ತಂತ್ರಾಂಶ ತೀರ್ಮಾನಿಸುವುದಿಲ್ಲ. ಉದ್ಯೋಗದ ಕರಾರು ಮತ್ತು ತೆರಿಗೆಯ ನಿಯಮಗಳು ತೀರ್ಮಾನಿಸುತ್ತವೆ.