ಅಮ್ಮನಿಗೆ ಬಂದಿದ್ದು ಮಗಳಿಗೂ ಬರಲೇಬೇಕಾ?

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ತಾಯಿ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು, ಈಗ ಅಕ್ಕನಿಗೂ ಅದೇ ಕಾಯಿಲೆ. ‘ನಮ್ಮ ರಕ್ತದಲ್ಲೇ ಇದೆ ಅಂತ ನೆಂಟರು ಆಡಿಕೊಳ್ತಿದ್ದಾರೆ. ಜೀನ್ ಟೆಸ್ಟ್ ಮಾಡಿಸಲಾ? ನನ್ನ ಮಗಳಿಗೆ ಇನ್ನೂ ಹನ್ನೊಂದು ವರ್ಷ’ ಎಂದು ಕೇಳಿದ್ದಾರೆ.

ತಂಗಿ, ಜೀನ್ ಟೆಸ್ಟಿಗೆ ದುಡ್ಡು ಹಾಕಬೇಡಿ. ಈ ಕ್ಯಾನ್ಸರ್ ಹೆಚ್ಚುಕಡಿಮೆ ಪೂರ್ತಿಯಾಗಿ ಎಚ್‌ಪಿವಿ ಎಂಬ ವೈರಸ್‌ನಿಂದ ಬರುವಂಥದ್ದು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ದೈಹಿಕ ಸಂಬಂಧದಿಂದ ಹರಡುತ್ತದೆ ನಿಜ. ಆದರೆ ಸಂಸಾರ ಮಾಡುವ ಹೆಚ್ಚಿನವರಿಗೆ ಅದು ಯಾವಾಗಲಾದರೂ ಒಮ್ಮೆ ತಗುಲಿಯೇ ಇರುತ್ತದೆ. ಇದರಲ್ಲಿ ಯಾರ ನಡತೆಯ ಪ್ರಶ್ನೆಯೂ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿಯ ದೇಹ ಎರಡು ವರ್ಷದೊಳಗೆ ಅದನ್ನು ತಾನೇ ಓಡಿಸುತ್ತದೆ.

ಓಡಿಸಲಾಗದೆ ವರ್ಷಗಟ್ಟಲೆ ಉಳಿದುಬಿಟ್ಟರೆ ಮಾತ್ರ ಅದು ಕ್ಯಾನ್ಸರಿಗೆ ದಾರಿ. ಉಳಿದವರಲ್ಲಿ ಯಾಕೆ ಉಳಿದುಕೊಳ್ಳುತ್ತದೆ? ಜೀನ್ ಮಾತು ಬರುವುದು ಇಲ್ಲೇ. ಜೀವಕೋಶದೊಳಗೆ ವೈರಸ್ ಸೇರಿಕೊಂಡರೆ ಅದರ ಚೂರುಗಳನ್ನು ಹೊರಮೈಗೆ ತಂದು ರಕ್ಷಣಾ ಕಣಗಳಿಗೆ ತೋರಿಸುವ ಕೆಲಸ ಎಚ್‌ಎಲ್‌ಎ ಜೀನ್‌ಗಳದ್ದು. ಇವು ಒಬ್ಬೊಬ್ಬರಲ್ಲಿ ಒಂದೊಂದು ಥರ. ಡಿಆರ್‌ಬಿ1*13 ಎಂಬ ಬಗೆ ಇದ್ದವರಿಗೆ ಅಪಾಯ ಸ್ವಲ್ಪ ಕಡಿಮೆ, ಬೇರೆ ಕೆಲವು ಬಗೆಯವರಿಗೆ ಸ್ವಲ್ಪ ಜಾಸ್ತಿ. ಸ್ವೀಡನ್‌ನಲ್ಲಿ ಕುಟುಂಬಗಳ ದಾಖಲೆ ನೋಡಿದಾಗ, ಹೆತ್ತ ತಾಯಿಗೋ ಒಡಹುಟ್ಟಿದವಳಿಗೋ ಈ ಕಾಯಿಲೆ ಇದ್ದರೆ ಅಪಾಯ ಸುಮಾರು ಎರಡು ಪಟ್ಟು ಅಂತ ಕಂಡಿತು. ಹಾಗಾಗಿ ನಿಮ್ಮ ಆತಂಕ ಸುಳ್ಳಲ್ಲ. ಆದರೆ ವೈರಸ್ ಇಲ್ಲದೆ ಈ ಜೀನ್‌ಗಳು ಏನೂ ಮಾಡಲಾರವು.

1998ರಲ್ಲಿ, ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನಿನ ಒಂದು ಬಗೆ ಇದ್ದರೆ ಅಪಾಯ ಏಳು ಪಟ್ಟು ಅಂತ ದೊಡ್ಡ ಸುದ್ದಿಯಾಗಿತ್ತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಅಂಥ ರಿಪೋರ್ಟ್ ಕೈಯಲ್ಲಿ ಹಿಡಿದು ಸುಮ್ನೆ ನಿದ್ದೆಗೆಡುವುದು ಯಾಕೆ, ಅಲ್ವಾ?

ನೀವು ಮಾಡಿಸಬೇಕಾದ್ದು ಎಚ್‌ಪಿವಿ ಪರೀಕ್ಷೆ. ನಮ್ಮ ಬೀದರ್ ಪಕ್ಕದ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30 ದಾಟಿದ ಹೆಂಗಸರಿಗೆ ಒಂದೇ ಒಂದು ಸಲ ಇದನ್ನು ಮಾಡಿದ್ದಕ್ಕೆ ಈ ಕ್ಯಾನ್ಸರ್‌ನ ಸಾವು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಅದು ಸಿಗದ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಐಎ ಕೇಳಿ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಆಗಲೇ ಸಿಕ್ಕರೆ ಕ್ಯಾನ್ಸರ್ ಆಗುವ ಮೊದಲೇ ತೆಗೆದುಬಿಡಬಹುದು.

ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಲು ಇದೇ ಸರಿಯಾದ ವಯಸ್ಸು, 9ರಿಂದ 14. ಎಷ್ಟು ಡೋಸ್ ಅಂತ ಡಾಕ್ಟರ್ ಹೇಳುತ್ತಾರೆ. ಲಸಿಕೆ ಆದರೂ 30ರ ನಂತರ ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಕ್ಕನ ಜೊತೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇವೆರಡನ್ನೂ ಅಲ್ಲೇ ಕೇಳಿಬಿಡಿ.

– ಸಂ.