ಲೆಕ್ಕದಿಂದ ಬೆಳೆಯುವ ಬೆಟ್ಟ

ಪ್ರಶ್ನೆ: ರಾಜಾಸೀಟಿನಲ್ಲಿ ನಿಂತರೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಸಾಲು ಕಾಣುತ್ತದೆ. ಅನಿಮೇಷನ್ ಚಿತ್ರಗಳಲ್ಲಿಯೂ ಅಂಥದೇ ಬೆಟ್ಟಗಳಿರುತ್ತವೆ. ಅವನ್ನು ಕಲಾವಿದರು ಒಂದೊಂದಾಗಿ ಬಿಡಿಸುತ್ತಾರೆಯೇ? ನಾವು ಕಲಿಯುವ ಗಣಿತಕ್ಕೂ ಅದಕ್ಕೂ ಸಂಬಂಧವಿದೆಯೇ?
— ಪಿಯುಸಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಕೈಯಿಂದ ಬಿಡಿಸುವುದೂ ಉಂಟು, ಆದರೆ ಇಡೀ ಬೆಟ್ಟಸಾಲು ಬೇಕಾದಾಗ ಅದನ್ನು ಲೆಕ್ಕದಿಂದ ಬೆಳೆಸಬಹುದು, ಅದಕ್ಕೆ ಸರಾಸರಿ ತೆಗೆಯಲು ಬಂದರೆ ಸಾಕು. ಒಂದು ಗೆರೆಯ ಎಡತುದಿಯ ಎತ್ತರ 100, ಬಲತುದಿಯದು 60 ಎಂದಿಟ್ಟುಕೊಳ್ಳಿ. ಮಧ್ಯಬಿಂದುವಿನ ಎತ್ತರ 80. ಅದಕ್ಕೆ −40ರಿಂದ +40ರೊಳಗಿನ ಯಾದೃಚ್ಛಿಕ ಸಂಖ್ಯೆಯೊಂದನ್ನು, 22 ಎನ್ನೋಣ, ಕೂಡಿಸಿದರೆ 102 ಆಗಿ ಅಲ್ಲೊಂದು ಶಿಖರ ಏಳುತ್ತದೆ. ಈಗ ದೊರೆತ ಎರಡು ತುಂಡುಗಳಿಗೂ ಇದನ್ನೇ ಮಾಡಬೇಕು; ಆದರೆ ಈ ಸಲ ಮಿತಿ 20, ಮುಂದಿನ ಸಲ 10. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಗೆರೆ 1024 ತುಂಡುಗಳಾಗಿ, ದೂರದ ಬೆಟ್ಟದ ಅಂಚಿನಂತೆಯೇ ಕಾಣುತ್ತದೆ. ಪ್ರತಿ ಸುತ್ತಿನಲ್ಲಿ ಮಿತಿಯನ್ನು 0.7ರಿಂದ ಗುಣಿಸಿದರೆ ಮೊನಚು ಕಲ್ಲುಬೆಟ್ಟ ಸಿಗುತ್ತದೆ. ನಿಮ್ಮೂರಿನ ದುಂಡನೆಯ ಹುಲ್ಲುಗುಡ್ಡ ಬೇಕಿದ್ದರೆ 0.5ಕ್ಕಿಂತ ಕಡಿಮೆ ಇಡಬೇಕು.

ಗೆರೆಯ ಬದಲು ತ್ರಿಭುಜಗಳನ್ನು ಹೀಗೆಯೇ ಒಡೆಯುತ್ತ ಹೋದರೆ ಬೆಟ್ಟದ ಮೈಯೇ ಮೂಡುತ್ತದೆ. ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಅವರ ಫ್ರ್ಯಾಕ್ಟಲ್ (ಸಣ್ಣ ತುಂಡೂ ಇಡೀ ಆಕಾರದಂತೆಯೇ ಕಾಣುವ ರಚನೆ) ವಿಚಾರವನ್ನು ಓದಿದ್ದ, ಆಗ ಬೋಯಿಂಗ್ ಕಂಪನಿಯಲ್ಲಿದ್ದ ಲೊರೆನ್ ಕಾರ್ಪೆಂಟರ್, ಇಂಥ ಬೆಟ್ಟಗಳ ಮೇಲೆ ಹಾರಿದಂತೆ ತೋರುವ ಸುಮಾರು ಎರಡು ನಿಮಿಷದ ಚಿತ್ರವನ್ನು 1980ರಲ್ಲಿಯೇ ಪ್ರದರ್ಶಿಸಿದ್ದರು. ಸೆಕೆಂಡಿಗೆ 24 ಚಿತ್ರಗಳು ಓಡುವಾಗ ಪ್ರತಿ ಚಿತ್ರಕ್ಕೂ ಹೊಸ ಸಂಖ್ಯೆ ಬಂದರೆ ಬೆಟ್ಟ ಗಡಗಡ ನಡುಗುತ್ತದೆ. ಆದ್ದರಿಂದ ಸಂಖ್ಯೆಗಳನ್ನು ಒಂದೇ ಬೀಜಸಂಖ್ಯೆಯಿಂದ, ಅಂದರೆ ಲೆಕ್ಕ ಶುರುವಾಗುವ ಮೊದಲ ಸಂಖ್ಯೆಯಿಂದ, ಹುಟ್ಟಿಸುತ್ತಾರೆ. ಬೀಜ ಅದೇ ಇದ್ದರೆ ಬೆಟ್ಟವೂ ಅದೇ.

ಈ ವಿಧಾನದ ಕೊರತೆಯೆಂದರೆ ಅದಕ್ಕೆ ಮಳೆ ಗೊತ್ತಿಲ್ಲ. ತೊರೆಗಳು ಕೂಡಿ ಹೊಳೆಯಾಗುವ ಕಣಿವೆಗಳು ಅದರಲ್ಲಿ ತಾವಾಗಿ ಬರುವುದಿಲ್ಲ. ನೀರು ಹರಿದು ಮಣ್ಣು ಕೊರೆಯುವುದನ್ನು ಬೇರೆಯಾಗಿಯೇ ಲೆಕ್ಕಹಾಕಬೇಕು. ಕೊಡಗಿನವರ ಕಣ್ಣಿಗೆ ಈ ತಪ್ಪು ಬೇಗ ಬೀಳುತ್ತದೆ ಎಂದುಕೊಂಡಿದ್ದೇನೆ.

ಇನ್ನು ನೀವು ಹೇಳಿದ ಮಸುಕು. ಅದು ನಿಮ್ಮ ಪಿಯುಸಿ ಗಣಿತದಲ್ಲಿ ಬರುವ ಗುಣೋತ್ತರ ಶ್ರೇಢಿ, ಅಂದರೆ ಪ್ರತಿ ಹೆಜ್ಜೆಗೂ ಒಂದೇ ಸಂಖ್ಯೆಯಿಂದ ಗುಣಿಸುತ್ತ ಹೋಗುವ ಸಾಲು. ಪ್ರತಿ 500 ಮೀಟರಿಗೆ ಬೆಟ್ಟದ ಸ್ವಂತ ಬಣ್ಣದಲ್ಲಿ ಅರ್ಧ ಉಳಿದು, ಮಿಕ್ಕ ಅರ್ಧ ಮಂಜಿನ ಬಣ್ಣವಾಗುತ್ತದೆ ಎಂದು ಇಟ್ಟರೆ, ಒಂದು ಕಿಲೋಮೀಟರ್ ದೂರದ ಗುಡ್ಡದಲ್ಲಿ ಉಳಿಯುವುದು ಕಾಲು ಭಾಗ, ಎರಡು ಕಿಲೋಮೀಟರ್ ದೂರದ್ದರಲ್ಲಿ ಹದಿನಾರರಲ್ಲಿ ಒಂದು ಭಾಗ. ಆಷಾಢದ ಮಂಜು ಬೇಕಿದ್ದರೆ 500ನ್ನು 50ಕ್ಕೆ ಇಳಿಸಿದರಾಯಿತು.